ಹಾಸಿಗೆಯ ಮೇಲಿದ್ದವನ ಜಾಗ

ನಮ್ಮ ಓದಿನ ಕೂಟ ಸೇರುವುದು ಬೇಕರಿಯ ಮೇಲಿನ ಅಟ್ಟದಲ್ಲಿ. ಹಿಂದೆ ಅದು ಮೈದಾ ಮೂಟೆಗಳ ಉಗ್ರಾಣವಾಗಿತ್ತು. ಈಗಲೂ ಜೋರಾಗಿ ಗಾಳಿ ಬೀಸಿದರೆ ತೊಲೆಗಳ ಸಂದಿನಿಂದ ಬಿಳಿ ಹುಡಿ ಉದುರುತ್ತದೆ. ನಮ್ಮಲ್ಲಿ ಹೆಚ್ಚಿನವರ ತಲೆ ಮೊದಲೇ ನರೆತಿರುವುದರಿಂದ ಅದು ಯಾರ ಗಮನಕ್ಕೂ ಬರುವುದಿಲ್ಲ. ಬೇಕರಿಯ ಮಾಲೀಕರು, ನಮ್ಮ ಬಾಯಲ್ಲಿ ಬರೀ ಬೇಕರಿಯವರು, ಬಾಡಿಗೆ ಕೇಳುವುದಿಲ್ಲ. ಕುರ್ಚಿಗಳನ್ನು ದರದರ ಎಳೆಯಬಾರದು ಎಂಬುದೊಂದೇ ಅವರ ಕರಾರು. ಎಳೆದರೆ ಕೆಳಗೆ ಉಬ್ಬಲು ಇಟ್ಟ ಹಿಟ್ಟು ಹೆದರಿ ಕುಸಿಯುತ್ತದಂತೆ.

ಕೂಟವನ್ನು ಕಟ್ಟಿದವಳು ನನ್ನ ನಾದಿನಿ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ನನ್ನೊಬ್ಬಳನ್ನು ಬಿಟ್ಟು ಉಳಿದವರಿಗೆಲ್ಲ ಅವಳು ಸಿಸ್ಟರ್. ವಾರಕ್ಕೊಮ್ಮೆ ಬೈಬಲಿನ ಸುವಾರ್ತೆಯಿಂದ ಒಂದು ಕಥೆ ಓದುವುದು, ಅದರಿಂದ ನಮಗೇನು ಪಾಠ ಎಂದು ಮಾತಾಡುವುದು. ಇಷ್ಟು ಎಲ್ಲ ಕಡೆಯೂ ನಡೆಯುತ್ತದೆ. ಆದರೆ ಶುರುವಿನಲ್ಲಿ ನಾವು ಕಂಡುಹಿಡಿಯುತ್ತಿದ್ದ ಪಾಠಗಳೆಲ್ಲ ಪಕ್ಕದ ಮನೆಯವರ ಅಳತೆಗೆ ಹೊಲಿಸಿದಂತಿರುತ್ತಿದ್ದವು. ಅದನ್ನು ಕೇಳಿ ಕೇಳಿ ಬೇಸತ್ತ ನಾದಿನಿ ಒಂದು ನಿಯಮ ಮಾಡಿದಳು. ಓದಿದ ಮೇಲೆ ಪ್ರತಿಯೊಬ್ಬರೂ ಆ ಕಥೆಯೊಳಗೆ ತಮ್ಮ ಜಾಗ ಯಾವುದೆಂದು ಹೇಳಬೇಕು. ಸುಮ್ಮನೆ ಹೇಳಿದರೆ ಸಾಲದು. ತಮ್ಮ ಬದುಕಿನಿಂದ ಒಂದು ಸಂಗತಿ ಕೊಟ್ಟು ಜಾಗ ಗಿಟ್ಟಿಸಿಕೊಳ್ಳಬೇಕು. ಉಳಿದವರು ಒಪ್ಪದಿದ್ದರೆ ಇಲ್ಲ. ಯೇಸುಸ್ವಾಮಿಯ ಜಾಗವನ್ನು ಯಾರೂ ಕೇಳುವಂತಿಲ್ಲ. ಕಥೆಯಲ್ಲಿ ಬರುವ ಎಲ್ಲರ ಜಾಗಗಳೂ ತುಂಬುವ ತನಕ ಪುಟ ತಿರುಗಿಸುವಂತಿಲ್ಲ. ಕೊನೆಯ ಜಾಗ ತುಂಬಿದವರೇ ತಿರುಗಿಸಬೇಕು.

ಈ ನಿಯಮ ಬಂದ ಮೇಲೆ ಕೂಟಕ್ಕೆ ಜೀವ ಬಂತು. ಮನೆಗೆ ಬಂದ ಸ್ವಾಮಿಯ ಉಪಚಾರಕ್ಕೆ ಒಬ್ಬಳೇ ಒದ್ದಾಡಿದ ಮಾರ್ಥಳ ಜಾಗ ತೆಗೆದುಕೊಂಡ ಟೈಲರಮ್ಮ, ನೆಂಟರು ಬಂದಾಗ ಯಾರೂ ಸಹಾಯಕ್ಕೆ ಬರದಿದ್ದರೆ ತಾನು ಬೇಕೆಂದೇ ಪಾತ್ರೆ ಸದ್ದು ಮಾಡುತ್ತೇನೆ ಎಂದು ಒಪ್ಪಿಕೊಂಡರು. ಬಸ್ ಓಡಿಸಿ ನಿವೃತ್ತರಾದ ಹಾರ್ನ್ ಅಣ್ಣ, ಬಿರುಗಾಳಿಯ ಕಥೆಯಲ್ಲಿ ದೋಣಿ ಓಡಿಸುತ್ತಿದ್ದವನ ಜಾಗ ಕೇಳಿದರು. ಪ್ರತಿ ಮಾತಿಗೂ ಮೊದಲು ಗಂಟಲು ಸರಿಮಾಡಿಕೊಳ್ಳುವ ಸದ್ದಿನಿಂದಾಗಿ ಅವರಿಗೆ ಆ ಹೆಸರು. ಬೇಕರಿಯವರು ಕೂಟದ ಸದಸ್ಯರಲ್ಲ. ಆದರೆ ಹಲಗೆಯ ನೆಲದಿಂದ ನಮ್ಮ ಮಾತೆಲ್ಲ ಕೆಳಗೆ ಕೇಳಿಸುತ್ತದೆ. ಐದು ರೊಟ್ಟಿ, ಎರಡು ಮೀನಿನಲ್ಲಿ ಸಾವಿರಾರು ಜನ ಉಂಡ ಕಥೆ ಓದಿದ ದಿನ ಅವರು ಕೈಯ ಹಿಟ್ಟನ್ನೂ ತೊಳೆಯದೆ ಮೆಟ್ಟಿಲು ಹತ್ತಿ ಬಂದಿದ್ದರು.

"ಆ ಐದು ರೊಟ್ಟಿ ತಾನಾಗೇ ಹುಟ್ಟಿತಾ ಸಿಸ್ಟರ್? ಯಾರೋ ಬೆಳಗ್ಗೆ ಎದ್ದು ಹಿಟ್ಟು ನಾದಿ ಸುಟ್ಟಿರ್ತಾರೆ. ಅವರ ಸುದ್ದಿಯನ್ನೇ ಯಾರೂ ಎತ್ತಲ್ಲ. ಆ ಜಾಗ ನಂದು."

"ಅಂಥವರು ಕಥೆಯಲ್ಲಿ ಇಲ್ಲವಲ್ಲ."

"ರೊಟ್ಟಿ ಇದೆಯಲ್ಲ."

ನಾದಿನಿ ಸ್ವಲ್ಪ ಯೋಚಿಸಿ, ಜಾಗ ಕೊಟ್ಟಳು.

ಅಂಥವಳು ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು, ಆಪರೇಷನ್ ಆಯಿತು, ಆಮೇಲೆ ಇನ್ನೊಂದು ಆಯಿತು. ಇನ್ನು ಮುಂದೆ ಗಾಲಿಕುರ್ಚಿಯೇ ಗತಿ ಎಂದು ಡಾಕ್ಟರು ಹೇಳುವ ಮೊದಲೇ ಎಕ್ಸ್‌ರೇ ನೋಡಿ ಅವಳೇ ಹೇಳಿಬಿಟ್ಟಳಂತೆ. ನಮ್ಮ ಅಟ್ಟಕ್ಕಿರುವುದು ಕಡಿದಾದ ಮರದ ಮೆಟ್ಟಿಲು, ನಡುವೆ ಒಂದು ಕಿರಿದಾದ ತಿರುವು. ಕೂಟವನ್ನೇ ಅವಳ ಮನೆಗೆ ಒಯ್ಯೋಣವೆಂದರೆ, ಅವಳಿರುವುದು ಮಗಳ ಮನೆಯಲ್ಲಿ. ಅಳಿಯನಿಗೆ ರಾತ್ರಿ ಪಾಳಿ, ಹಗಲೆಲ್ಲ ನಿದ್ದೆ. ಬೇಕರಿಯ ಕೆಳಗೇ ಸೇರೋಣವೆಂದರೆ, ಮಧ್ಯಾಹ್ನದ ಹೊತ್ತು ಅಲ್ಲಿ ಒಲೆಯ ಮುಂದೆ ನಿಂತವರು ಮನುಷ್ಯರೋ ಬನ್ನುಗಳೋ ಎಂದು ಹೇಳಲಾಗದಷ್ಟು ಬೇಯುತ್ತಾರೆ. ಚರ್ಚಿನ ಪಕ್ಕದ ಕೋಣೆ ಕೇಳೋಣವೆಂದು ನಾನು ಹೇಳಿದಾಗ ನಾದಿನಿಯೇ ಬೇಡವೆಂದಳು.

"ಎಲ್ಲಿ ಸೇರಿದ್ರೂ ಅಷ್ಟೇ ಅತ್ತಿಗೆ. ನನಗೋಸ್ಕರ ಜಾಗ ಬದಲಾಯಿಸಿದ್ರೆ ಅದು ನನ್ನನ್ನ ನೋಡೋಕೆ ಬರೋ ಸಭೆ ಆಗುತ್ತೆ, ಓದೋ ಸಭೆ ಆಗಲ್ಲ. ನೀವು ನಡೆಸಿಕೊಂಡು ಹೋಗಿ."

ಹೀಗೆ ನಡೆಸಿಕೊಂಡು ಹೋಗುತ್ತಿದ್ದಾಗ ಆ ಕಥೆ ಬಂತು. ಯೇಸುಸ್ವಾಮಿ ಒಂದು ಮನೆಯೊಳಗೆ ಕುಳಿತು ಬೋಧಿಸುತ್ತಿದ್ದಾರೆ. ಬಾಗಿಲಿನ ತನಕ ಜನ. ಕೈಕಾಲು ಬಿದ್ದುಹೋದ ಒಬ್ಬನನ್ನು ನಾಲ್ಕು ಜನ ಹಾಸಿಗೆಯ ಸಮೇತ ಹೊತ್ತು ತರುತ್ತಾರೆ. ಒಳಗೆ ಹೋಗಲು ದಾರಿಯಿಲ್ಲ. ಚಾವಣಿ ಹತ್ತಿ, ಅದನ್ನು ಬಿಚ್ಚಿ, ತೂತಿನಿಂದ ಅವನನ್ನು ಸ್ವಾಮಿಯ ಎದುರಿಗೇ ಇಳಿಸುತ್ತಾರೆ.

ಆ ದಿನ ಓದಿದವಳು ಟೈಲರಮ್ಮನ ಸೊಸೆ. ಮದುವೆಯಾಗಿ ಹೊಸದಾಗಿ ಬಂದ ಹುಡುಗಿ. ಮೆಲುದನಿ, ಆದರೆ ಕಣ್ಣು ಚುರುಕು. ಅವಳು ಓದಿ ಮುಗಿಸುವಷ್ಟರಲ್ಲಿ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಗೋಡೆಯ ಪಕ್ಕ ನಾದಿನಿಯ ಕುರ್ಚಿ ಖಾಲಿಯಿತ್ತು. ಹಾರ್ನ್ ಅಣ್ಣ ಗಂಟಲು ಸರಿಮಾಡಿಕೊಂಡರು.

"ಹೊತ್ತವರ ಜಾಗ ನಂದು. ವಾದ ಬೇಡ."

"ಇನ್ನೂ ಹೊತ್ತಿಲ್ಲವಲ್ಲ ಅಣ್ಣ," ಎಂದಳು ಸೊಸೆ.

"ನಾಳೆ ಹೊರ್ತೀನಿ."

ಜಾಗಗಳು ಬೇಗ ಬೇಗ ತುಂಬಿದವು. ಬಾಗಿಲಿಗೆ ಅಡ್ಡ ನಿಂತ ಜನರ ಜಾಗ ನನಗೆ ಸಿಕ್ಕಿತು. ಬಸ್ಸಿನಲ್ಲಿ ಒಳಗೆ ಜಾಗವಿದ್ದರೂ ನಾನು ಬಾಗಿಲ ಬಳಿಯೇ ನಿಲ್ಲುವವಳೆಂದು ಹಾರ್ನ್ ಅಣ್ಣನೇ ಸಾಕ್ಷಿ ಹೇಳಿದರು. ಆ ಮನೆಯಲ್ಲೇ ಕೂತು, ಸ್ವಾಮಿಯ ಮಾತಿಗೆ ಬಾಯಿಬಿಡದೆ ಮನಸ್ಸಿನಲ್ಲೇ ಗೊಣಗಿದ ಧರ್ಮಶಾಸ್ತ್ರಿಗಳ ಜಾಗವನ್ನು ಟೈಲರಮ್ಮ ಕೇಳಿದರು. ಒಳಗೊಳಗೇ ಗೊಣಗುವುದು ತನ್ನ ಹುಟ್ಟುಗುಣ ಎಂದು ಅವರೆಂದದ್ದೇ ತಡ, ಸೊಸೆ ಸ್ವಲ್ಪ ಹೆಚ್ಚೇ ಬೇಗ ತಲೆಯಾಡಿಸಿದಳು. ನಾವೆಲ್ಲ ನಕ್ಕೆವು, ಟೈಲರಮ್ಮ ಎಲ್ಲರಿಗಿಂತ ಜೋರಾಗಿ. ಆಗ ಕೆಳಗಿನಿಂದ ಕೂಗು ಬಂತು.

"ಮನೆ ಯಜಮಾನನ ಜಾಗ ನನಗಿಡಿ. ಯಾರದೋ ಮನೆ ಸೂರು ಕಿತ್ತುಹಾಕಿದ್ರಲ್ಲ, ಆ ಮನುಷ್ಯನ ಗತಿ ಏನು?"

"ನಿಮ್ಮ ಸೂರನ್ನ ಯಾರೂ ಕಿತ್ತಿಲ್ಲ," ಎಂದರು ಟೈಲರಮ್ಮ ನೆಲದ ಕಡೆ ಬಗ್ಗಿ. "ನಿಯಮ ಅಂದ್ರೆ ನಿಯಮ."

ಮರುದಿನ ಹಾರ್ನ್ ಅಣ್ಣ ಮಾತು ಉಳಿಸಿಕೊಂಡರು. ಟೈಲರಮ್ಮನ ಮಗ, ಬೇಕರಿಯವರು, ಒಲೆಯ ಕೆಲಸಗಾರ, ತಾನು, ಹೀಗೆ ನಾಲ್ಕು ಜನರನ್ನು ಕಟ್ಟಿಕೊಂಡು, ಕೈಹಿಡಿಯಿರುವ ಒಂದು ಗಟ್ಟಿ ಕುರ್ಚಿಯನ್ನು ಹೊತ್ತು ನಾದಿನಿಯ ಮನೆ ಬಾಗಿಲಿಗೆ ಹೋದರು. ಅವಳಿಗೆ ಮೊದಲೇ ತಿಳಿಸಬೇಕೆಂದು ಅವರಿಗಾಗಲಿ ಅವರನ್ನು ಕಳಿಸಿದ ನಮಗಾಗಲಿ ಹೊಳೆಯಲೇ ಇಲ್ಲ. ಸುವಾರ್ತೆಯಲ್ಲಿರುವುದನ್ನು ಮಾಡುವಾಗ ಅನುಮತಿ ಯಾಕೆ ಎಂಬ ಹುಮ್ಮಸ್ಸು. ಆ ಮನೆಯಲ್ಲಿ ಅಳಿಯ ಮಲಗಿರುವುದರಿಂದ ಹಗಲು ಹೊತ್ತಿನ ಜಗಳವನ್ನೂ ಪಿಸುಮಾತಿನಲ್ಲೇ ಆಡಬೇಕು. ನಾದಿನಿ ಕಿಟಕಿಯಿಂದ ಪಿಸುಗುಟ್ಟಿದಳು.

"ಏನಿದು, ಹೆಣ ಎತ್ತೋಕೆ ಬಂದ್ರಾ?"

"ಕೂಟಕ್ಕೆ ಕರ್ಕೊಂಡು ಹೋಗೋಕೆ ಸಿಸ್ಟರ್. ಆ ಕಥೆಯಲ್ಲಿ ನಾಲ್ಕು ಜನ..." ಹಾರ್ನ್ ಅಣ್ಣನಿಗೆ ಪಿಸುಗುಟ್ಟಿ ಅಭ್ಯಾಸವಿಲ್ಲ. ಒಳಗೆ ಅಳಿಯ ಮಗ್ಗುಲು ಬದಲಿಸಿದ ಸದ್ದು ಬಂತಂತೆ.

"ಆ ಕಥೆಯಲ್ಲಿ ಹಾಸಿಗೆ ಮೇಲಿದ್ದವನನ್ನ ಯಾರಾದ್ರೂ ಕೇಳಿದ್ರೋ ಇಲ್ವೋ ನಂಗೊತ್ತಿಲ್ಲ. ನನ್ನನ್ನಂತೂ ಕೇಳಿಲ್ಲ. ಬಿಸಿಲಲ್ಲಿ ನಿಲ್ಲಬೇಡಿ, ಹೋಗಿ."

ನಾಲ್ವರೂ ಖಾಲಿ ಕುರ್ಚಿ ಹೊತ್ತು ವಾಪಸಾದರು. ದಾರಿಯಲ್ಲಿ ಯಾರೋ ಕುರ್ಚಿ ಮಾರಾಟಕ್ಕಿದೆಯೇ ಎಂದು ಕೇಳಿದರಂತೆ.

ಅಲ್ಲಿಗೆ ಕೂಟದ ಗಾಡಿ ನಿಂತುಹೋಯಿತು. ಉಳಿದಿದ್ದು ಹಾಸಿಗೆಯ ಮೇಲಿದ್ದವನ ಜಾಗ, ಅದನ್ನು ತುಂಬುವವರೇ ಇಲ್ಲ. ಚಿಕ್ಕವರಿದ್ದಾಗ ಅಪ್ಪ ಜ್ವರದಲ್ಲಿ ಎತ್ತಿಕೊಂಡು ಹೋಗಿದ್ದನ್ನು ಹೇಳಿ ಟೈಲರಮ್ಮ ಪ್ರಯತ್ನಿಸಿದರು. ಎಲ್ಲರನ್ನೂ ಅಪ್ಪಂದಿರು ಎತ್ತಿಕೊಂಡಿರುತ್ತಾರೆ ಎಂದು ಬಿದ್ದುಹೋಯಿತು. ನಾನು ಕಣ್ಣಿನ ಆಪರೇಷನ್ ಮಾಡಿಸಿಕೊಂಡದ್ದನ್ನು ಹೇಳಿದೆ. "ನೀವು ಅವತ್ತೇ ಸಂಜೆ ನಡ್ಕೊಂಡು ಮನೆಗೆ ಬಂದ್ರಿ," ಎಂದು ಅದೂ ಹೋಯಿತು. ವಾರಗಳು ಕಳೆದವು. ಪ್ರತಿ ವಾರ ಅದೇ ಚಾವಣಿ, ಅದೇ ತೂತು. ಓದಿ ಓದಿ ಆ ಪುಟದ ಅಂಚು ಮೆತ್ತಗಾಯಿತು. ನಿಯಮ ಬಿಟ್ಟು ಮುಂದೆ ಹೋಗೋಣ ಎಂದು ಯಾರೂ ಅನ್ನಲಿಲ್ಲ. ಹಾಗೆ ಅಂದರೆ ನಾದಿನಿಯನ್ನೇ ಬಿಟ್ಟು ಮುಂದೆ ಹೋದಂತೆ ಎಂದು ಎಲ್ಲರಿಗೂ ಅನಿಸಿತ್ತೆಂದು ತೋರುತ್ತದೆ.

ಒಂದು ಮಧ್ಯಾಹ್ನ ನಾನು ಅವಳನ್ನು ನೋಡಲು ಹೋದೆ. ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿ ಕುಳಿತು ಮೊಮ್ಮಕ್ಕಳ ಬಟ್ಟೆ ಮಡಿಸುತ್ತಿದ್ದಳು. ಆಸ್ಪತ್ರೆಯ ಹೊದಿಕೆ ಮಡಿಸಿದ ಕೈ. ಅಂಗಿಗಳೆಲ್ಲ ಇಸ್ತ್ರಿ ಮಾಡಿದಂತೆ ಪೆಟ್ಟಿಗೆಯಲ್ಲಿ ಕೂರುತ್ತಿದ್ದವು.

"ಈಗ ಯಾವ ಕಥೆ ನಡೀತಿದೆ?" ಎಂದು ಪಿಸುದನಿಯಲ್ಲೇ ಕೇಳಿದಳು.

"ಅದೇ."

"ಯಾವ ಅದೇ?"

"ಚಾವಣಿದು. ಒಂದು ಜಾಗ ಖಾಲಿ ಇದೆ."

ಅವಳ ಕೈ ನಿಂತಿತು. "ಇನ್ನೂ ಅಲ್ಲೇ ಇದ್ದೀರಾ? ಇದೇನು ಹಠ ಅತ್ತಿಗೆ? ನನಗೋಸ್ಕರ ಸುವಾರ್ತೆಯನ್ನೇ ತಡೆದು ನಿಲ್ಲಿಸಿದ್ದೀರಾ?"

"ನಿಯಮ ಮಾಡಿದ್ದು ನೀನು."

"ನಿಯಮ ನಾನು ತೆಗೆದೆ. ಪುಟ ತಿರುಗಿಸಿ. ನನ್ನ ಕುರ್ಚಿಯನ್ನೂ ಯಾರಿಗಾದ್ರೂ ಕೊಟ್ಟುಬಿಡಿ, ಸುಮ್ಮನೆ ಗೋಡೆ ಕಾಯ್ತಾ ನಿಂತಿರುತ್ತೆ."

ಅವಳು ಸಿಟ್ಟಿನಿಂದ ಹೇಳಿದ್ದರೆ ನಾನು ಹೆದರುತ್ತಿರಲಿಲ್ಲ. ತುಂಬ ಸಮಾಧಾನದಿಂದ ಹೇಳಿದಳು, ಹಳೆಯ ಸ್ವೆಟರನ್ನು ಯಾರಿಗೋ ಕೊಡಲು ಹೇಳುವಂತೆ. ಅವಳು ಮನೆಯಲ್ಲೇ ಕೂತು ಓದುತ್ತಾಳೆ, ಪ್ರಾರ್ಥಿಸುತ್ತಾಳೆ, ಅದು ನನಗೆ ಗೊತ್ತು. ಆದರೆ ವಾದ ಮಾಡಲು ಎದುರಿಗೆ ಜನವಿಲ್ಲದ ನನ್ನ ನಾದಿನಿಯನ್ನು ನಾನು ಕಲ್ಪಿಸಿಕೊಳ್ಳಲಾರೆ. ಈ ಕಿಟಕಿಯ ಪಕ್ಕ ಅವಳು ಒಂದೊಂದೇ ವಾರ ಚಿಕ್ಕದಾಗುತ್ತ ಹೋಗುತ್ತಾಳೆ ಎಂದು ನನಗೆ ಆ ಕ್ಷಣ ಸ್ಪಷ್ಟವಾಗಿ ಕಂಡಿತು.

ಅಷ್ಟರಲ್ಲಿ ಬೇಕರಿಯವರು ಬಂದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ತುದಿಗಾಲಲ್ಲಿ ಒಳಬಂದು, ಬಿಸಿ ಬ್ರೆಡ್ಡಿನ ಪೊಟ್ಟಣವನ್ನು ಮೇಜಿನ ಮೇಲೆ ಕೂಸನ್ನು ಮಲಗಿಸುವ ಹಾಗೆ ಇಟ್ಟರು. ಅವರು ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ.

"ಸಿಸ್ಟರ್, ಒಂದು ಸಹಾಯ ಬೇಕಿತ್ತು."

"ಸಕ್ಕರೆ ಜಾಸ್ತಿಯಾಯ್ತಾ? ಮಾತ್ರೆ ತಗೋತಿದ್ದೀರಾ ಇಲ್ವಾ?"

"ಅದಲ್ಲ. ಮನೆ ಯಜಮಾನನ ಜಾಗ ಕೇಳಿದ್ದೆ. ನಿಮ್ಮ ಕೂಟದವರು ಕೊಡ್ತಿಲ್ಲ. ಸೂರು ಕೀಳದೆ ಯಜಮಾನ ಹೇಗಾಗ್ತೀರಿ ಅಂತಾರೆ." ಅವರು ತಲೆ ಕೆರೆದುಕೊಂಡರು. "ಅಟ್ಟದ ನೆಲದಲ್ಲಿ ಒಂದು ಚೌಕ ಬಾಯಿ ಇದೆ. ಹಿಂದೆ ಮೂಟೆ ಎತ್ತುತ್ತಿದ್ದಿದ್ದು ಅಲ್ಲಿಂದಲೇ. ಹಲಗೆ ಹೊಡೆದು ಮುಚ್ಚಿದ್ದೀನಿ. ತೊಲೆಗೆ ಸರಪಳಿ ರಾಟೆ ಹಾಗೇ ಇದೆ, ಗಟ್ಟಿ ರಾಟೆ. ಆ ಹಲಗೆಗಳನ್ನ ಕೀಳೋಕೆ ನಾನು ತಯಾರು. ಆದ್ರೆ ಸುಮ್ಮಸುಮ್ಮನೆ ಕಿತ್ತರೆ ಟೈಲರಮ್ಮ ಒಪ್ಪಲ್ಲ. ಯಾರಿಗೋಸ್ಕರ ಅಂತ ಇರಬೇಕಲ್ವಾ?"

ನಾದಿನಿ ಕೈಯಲ್ಲಿದ್ದ ಬಟ್ಟೆ ಬದಿಗಿಟ್ಟು ಅವರನ್ನು ನೋಡಿದಳು. ಈ ಸಲ ಅವರು ಕೇಳಿ ಮಾಡಲು ಬಂದಿದ್ದರು. ಅದೂ, ಕೊಡುವವರ ಹಾಗೆ ಬರದೆ ಬೇಡುವವರ ಹಾಗೆ ಬಂದಿದ್ದರು. ಅವಳಿಗೆ ಅದು ತಿಳಿಯದೆ ಇರಲಿಲ್ಲ.

"ಯೋಚನೆ ಮಾಡ್ತೀನಿ," ಎಂದಳು. "ಬ್ರೆಡ್ ತೂಕ ಕಡಿಮೆ ಆಗಿದೆ."

"ಆಗಿಲ್ಲ ಸಿಸ್ಟರ್."

"ಆಗಿದೆ. ಹೋಗಿ, ಒಲೆ ಕಾಯ್ತಿರುತ್ತೆ."

ಅವರು ಹೋದ ಮೇಲೆ ಅವಳು ನನ್ನ ಕಡೆ ತಿರುಗಿದಳು. "ಒಳ್ಳೆಯ ಮನುಷ್ಯ. ಆದ್ರೆ ಅತ್ತಿಗೆ, ಎತ್ತಿಸಿಕೊಳ್ಳೋದು ನಂಗೆ ಕಷ್ಟ. ಜೀವನಪೂರ್ತಿ ಎತ್ತಿದವಳು ನಾನು. ಅದನ್ನಾದ್ರೂ ನುಂಗಿಕೊಳ್ಳಬಹುದು. ಇನ್ನೊಂದಿದೆ."

"ಹೇಳು."

"ಆ ಮನುಷ್ಯ ಕೊನೆಗೆ ಎದ್ದು, ಹಾಸಿಗೆ ಸುತ್ತಿಕೊಂಡು, ಎಲ್ಲರ ಎದುರು ನಡೆದು ಹೋಗ್ತಾನೆ. ನೀವು ನನ್ನನ್ನ ಅಷ್ಟು ಕಷ್ಟಪಟ್ಟು ಮೇಲೆ ಎಳೀತೀರಿ. ಓದು ಮುಗಿಯುತ್ತೆ. ಆಮೇಲೆ? ಮತ್ತೆ ಅದೇ ತೂತಿನಿಂದ ಇಳಿಸ್ತೀರಿ. ಆ ಕಥೆಯ ಕೊನೆ ನನಗಿಲ್ಲ. ಕೊನೆ ಇಲ್ಲದವಳು ಆ ಜಾಗದಲ್ಲಿ ಯಾವ ಮುಖ ಇಟ್ಟುಕೊಂಡು ಕೂರಲಿ?"

ನಾನು ಕಾಲೇಜು ಓದಿದವಳು, ಹೈಸ್ಕೂಲಿನಲ್ಲಿ ಪಾಠ ಹೇಳಿ ಕೂದಲು ಹಣ್ಣು ಮಾಡಿಕೊಂಡವಳು. ಆದರೂ ಆಗ ನನ್ನಿಂದಾದದ್ದು ಉಳಿದ ಬಟ್ಟೆಗಳನ್ನು ಅವಳ ಜೊತೆ ಮಡಿಸುವುದಷ್ಟೇ. ನಾನು ಮಡಿಸಿದ್ದನ್ನು ಅವಳು ನನಗೆ ಕಾಣದಂತೆ ಬಿಚ್ಚಿ ಮತ್ತೆ ಮಡಿಸಿದಳು.

ಮುಂದಿನ ಕೂಟದಲ್ಲಿ ಅವಳು ಹೇಳಿದ್ದನ್ನು ಹಾಗೆಯೇ ಹೇಳಿದೆ. ಹಾರ್ನ್ ಅಣ್ಣ ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಸೊಸೆ ಮೆಲ್ಲಗೆ ಅಂದಳು: "ನಾವು ಅವರಿಗೆ ಏನೂ ಹೇಳೋದು ಬೇಡ. ರಾಟೆಗೆ ಎಣ್ಣೆ ಹಾಕಿ ಇಟ್ಟಿರೋಣ. ಬರೋದು ಬಿಡೋದು ಅವರಿಷ್ಟ." ಅವಳ ಅತ್ತೆ ಆ ಸಂಜೆಯೇ ದಪ್ಪ ಟಾರ್ಪಾಲಿನ್ ತರಿಸಿ, ಕೂರುವ ಹಲಗೆಗೆ ಬೆನ್ನು, ಪಕ್ಕ, ಎದೆಗೆ ಪಟ್ಟಿ ಎಲ್ಲ ಸೇರಿಸಿ ಹೊಲಿದರು. ಹೊಲಿಗೆಯ ಮೇಲೆ ಹೊಲಿಗೆ, ಅದರ ಮೇಲೆ ಇನ್ನೊಂದು. ಒಳಗಡೆ ಮೈಗೆ ತಾಗುವಲ್ಲಿ ಹಳೆಯ ಮೆತ್ತನೆಯ ಬಟ್ಟೆ ಹಾಕಿದ್ದರು. ಅದನ್ನು ಯಾರಿಗೂ ಹೇಳಿರಲಿಲ್ಲ. ಕೈಯಾಡಿಸಿದಾಗ ನನಗೆ ಗೊತ್ತಾಯಿತು.

ಕೆಲವು ದಿನಗಳ ನಂತರ ಬೆಳಗ್ಗೆ ನಾದಿನಿಯ ಫೋನು ಬಂತು.

"ರಾಟೆ ಕೆಲಸ ಮಾಡುತ್ತಾ?"

"ಮಾಡುತ್ತೆ."

"ಮೊದಲು ಮೂಟೆ ಕಟ್ಟಿ ನೋಡಿ. ಆಮೇಲೆ ಹಾರ್ನ್ ಅಣ್ಣನ್ನ ಕಟ್ಟಿ ನೋಡಿ. ಎರಡೂ ಬೀಳದಿದ್ರೆ ಬುಧವಾರ ನಾನು ಬರ್ತೀನಿ. ಆದ್ರೆ ಯಾರೂ ಅಳಬಾರದು. ಎದ್ದು ನಡೀರಿ ಸಿಸ್ಟರ್ ಅಂತ ಯಾರಾದ್ರೂ ಬಾಯಿ ಬಿಟ್ರೆ ನಾನು ಅಲ್ಲಿಂದಲೇ ವಾಪಸ್."

"ಏನಾಯ್ತು? ಮನಸ್ಸು ಹೇಗೆ ಬದಲಾಯ್ತು?"

"ಆ ಕಥೆಯನ್ನ ಮತ್ತೆ ಓದಿದೆ. ಏನು ಸಿಕ್ತು ಅಂತ ಅಲ್ಲೇ ಹೇಳ್ತೀನಿ, ನಿಯಮ ಪ್ರಕಾರ."

ಬುಧವಾರ ಮಧ್ಯಾಹ್ನ ಬೇಕರಿಯವರು ಸುತ್ತಿಗೆ ಹಿಡಿದು ಅಟ್ಟಕ್ಕೆ ಬಂದರು. ಒಂದೊಂದೇ ಮೊಳೆ ಕಿತ್ತು ಹಲಗೆ ಎತ್ತಿದಾಗ ನೆಲದಲ್ಲಿ ಒಂದು ದೊಡ್ಡ ಬಾಯಿ ತೆರೆದು, ಬಿಸಿ ಬ್ರೆಡ್ಡಿನ ವಾಸನೆ ನಮ್ಮ ಮುಖಕ್ಕೆ ಬಡಿಯಿತು. ಮೂಟೆ ಏರಿತು, ಇಳಿಯಿತು. ಹಾರ್ನ್ ಅಣ್ಣನನ್ನು ಪಟ್ಟಿ ಬಿಗಿದು ಕೂರಿಸಿದರು. ಅರ್ಧ ಏರಿದ್ದಾಗ ಒಲೆಯಿಂದ ಕರಕಲು ವಾಸನೆ ಬಂದಂತಾಗಿ, ಬೇಕರಿಯವರು ಸರಪಳಿಯನ್ನು ಕೊಕ್ಕೆಗೆ ಸಿಕ್ಕಿಸಿ ಓಡಿಹೋದರು. ಹಾರ್ನ್ ಅಣ್ಣ ನೆಲಕ್ಕೂ ಅಟ್ಟಕ್ಕೂ ನಡುವೆ ತೂಗುತ್ತ ಉಳಿದರು.

"ಪ್ರಯಾಣಿಕರ ಕಷ್ಟ ಈಗ ಗೊತ್ತಾಯ್ತಾ ಅಣ್ಣ?" ಎಂದು ಟೈಲರಮ್ಮ ಮೇಲಿನಿಂದ ಕೇಳಿದರು.

"ರಾಟೆ ಗಟ್ಟಿ ಇದೆ," ಎಂದಷ್ಟೇ ಹೇಳಿದರು ಅವರು, ಘನತೆಯಿಂದ.

ಆಮೇಲೆ ಮಗಳು ಗಾಲಿಕುರ್ಚಿ ತಳ್ಳಿಕೊಂಡು ನಾದಿನಿಯನ್ನು ಕರೆತಂದಳು. ಭಾನುವಾರ ಉಡುವ ಬಿಳಿಯ ಸೀರೆ ಉಟ್ಟಿದ್ದಳು. ಕೆಳಗೆ ಹಾರ್ನ್ ಅಣ್ಣ, ಸೊಸೆ ಅವಳನ್ನು ಹಲಗೆಗೆ ಕೂರಿಸುತ್ತಿದ್ದರು; ಮೇಲೆ ನಾನು, ಟೈಲರಮ್ಮ ಬಾಯಿಯ ಅಂಚಿನಲ್ಲಿ ಮೊಣಕಾಲೂರಿ, ಅವಳು ಗೋಡೆಗೆ ತಾಗದಂತೆ ಎಳೆಯಲು ಒಂದೊಂದು ಹಗ್ಗ ಹಿಡಿದಿದ್ದೆವು. ಅವಳ ಆಜ್ಞೆಗಳು ಕೇಳಿಸುತ್ತಿದ್ದವು: ಆ ಪಟ್ಟಿ ಬಿಗಿಮಾಡಿ, ಈ ಗಂಟು ಸರಿಯಿಲ್ಲ, ಕಾಲಿನ ಕೆಳಗೆ ಕೈ ಕೊಡಿ, ಹಾಗಲ್ಲ, ಹೀಗೆ.

"ಸಿಸ್ಟರ್," ಎಂದಳು ಸೊಸೆ, "ಹಾಸಿಗೆ ಮೇಲಿದ್ದವನು ಆ ಕಥೆಯಲ್ಲಿ ಒಂದು ಮಾತೂ ಆಡಲ್ಲ."

ಕೆಳಗೆ ಒಮ್ಮೆಲೇ ನಿಶ್ಶಬ್ದ. ನಾದಿನಿಯ ಬಾಯಿಯನ್ನು ಅಷ್ಟು ಮೆಲ್ಲಗೆ ಮುಚ್ಚಿಸಿದವರನ್ನು ನಾನು ಕಂಡದ್ದು ಅದೇ ಮೊದಲು. ಸರಪಳಿ ಕಟಕಟ ಎನ್ನತೊಡಗಿತು. ಮೊದಲು ನೆಲದಿಂದ ಬಿಳಿಯ ಕೂದಲಿನ ತುರುಬು ಮೂಡಿತು, ಆಮೇಲೆ ಹಣೆ, ಆಮೇಲೆ ಅವಳ ಮುಖ. ಮೇಲಕ್ಕೇ ನೋಡುತ್ತಿದ್ದಳು. ಟೈಲರಮ್ಮ ಹಗ್ಗ ಎಳೆದು ಹಲಗೆಯನ್ನು ನೆಲಕ್ಕೆ ತಂದರು. ನಾವು ಅವಳನ್ನು ಹಿಡಿದು ಅವಳ ಕುರ್ಚಿಗೆ ಸರಿಸಿದೆವು. ಕುರ್ಚಿ ದರ್ರೆಂದು ಸದ್ದು ಮಾಡುತ್ತ ಸರಿಯಿತು. ಕೆಳಗಿನಿಂದ ಯಾರೂ ಹಿಟ್ಟಿನ ಬಗ್ಗೆ ಮಾತೆತ್ತಲಿಲ್ಲ.

ಹಾರ್ನ್ ಅಣ್ಣ, ಸೊಸೆ, ಮಗಳು ಮೆಟ್ಟಿಲು ಹತ್ತಿ ಬಂದು ಕೂತರು. ಸೊಸೆ ಕಥೆಯನ್ನು ಇನ್ನೊಮ್ಮೆ ಓದಿದಳು. ನಾದಿನಿ ಸೀರೆಯ ಅಂಚು ಸರಿಮಾಡಿಕೊಂಡಳು.

"ನನ್ನ ಜಾಗ ಹಾಸಿಗೆ ಮೇಲಿದ್ದವನದು. ಲೆಕ್ಕವಿಲ್ಲದಷ್ಟು ಜನರನ್ನ ಎತ್ತಿದ್ದೀನಿ. ಎತ್ತೋವಾಗ ಅವರ ಮುಖ ಮೇಲಿನಿಂದ ಕಾಣುತ್ತೆ. ಹೆದರಿಕೆ ಇರುತ್ತೆ, ನಾಚಿಕೆ ಇರುತ್ತೆ. ಅದನ್ನ ನೋಡಿದವಳಿಗೆ ಆ ಜಾಗ ಬೇಡವಾಗಿತ್ತು. ಆದ್ರೆ ಕೆಳಗಿನಿಂದ ನೋಡಿದ್ರೆ ಏನು ಕಾಣುತ್ತೆ ಅಂತ ಇವತ್ತಿನ ತನಕ ಗೊತ್ತಿರಲಿಲ್ಲ. ತೂತಿನ ಸುತ್ತ ಮುಖಗಳು. ಟೈಲರಮ್ಮ ನಾಲಿಗೆ ಕಚ್ಚಿಕೊಂಡು ಬೆವರ್ತಿದ್ರು. ನಮ್ಮ ಅತ್ತಿಗೆ ಅರ್ಧ ದಾರಿ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡ್ತಿದ್ರು, ಹಗ್ಗ ಹಿಡಿಯೋದು ಬಿಟ್ಟು."

"ಹಿಡಿದಿದ್ದೆ," ಎಂದೆ.

"ಸಡಿಲಾಗಿತ್ತು." ಎಲ್ಲರೂ ನಕ್ಕರು. ಅವಳು ನಗು ನಿಲ್ಲುವ ತನಕ ಕಾದಳು. "ಒಬ್ಬರ ಮುಖದಲ್ಲೂ ನಾನು ಭಾರ ಅಂತ ಇರಲಿಲ್ಲ. ಸ್ವಾಮಿ ಆ ನಾಲ್ವರ ನಂಬಿಕೆಯನ್ನ ನೋಡಿದ್ರು ಅಂತ ಓದ್ತೀವಿ. ಅವನೂ ನೋಡಿರ್ತಾನೆ, ಎಲ್ಲರಿಗಿಂತ ಹತ್ತಿರದಿಂದ."

ಹಾರ್ನ್ ಅಣ್ಣ ಗಂಟಲು ಸರಿಮಾಡಿಕೊಂಡರು. ನಾದಿನಿ ಮುಂದುವರಿಸಿದಳು.

"ಆ ಕಥೆಯ ಕೊನೆ ನಂದಲ್ಲ ಅಂತ ಅತ್ತಿಗೆಗೆ ಹೇಳಿದ್ದೆ. ಈಗಲೂ ಅಲ್ಲ. ಸ್ವಲ್ಪ ಹೊತ್ತಿಗೆ ನನ್ನನ್ನ ಮೂಟೆ ಹಾಗೆ ಇಳಿಸ್ತೀರಿ. ಆದ್ರೆ ನಾನು ಯಾವಾಗಲೂ ಆ ಕಥೆಯ ಕೊನೆಯನ್ನೇ ನೋಡ್ತಿದ್ದೆ. ಮಧ್ಯದಲ್ಲಿರೋದು ಕಾಣಲಿಲ್ಲ. ಅವನನ್ನ ಇಳಿಸಿದ್ದಾರೆ. ಇನ್ನೂ ಮಲಗೇ ಇದ್ದಾನೆ, ಒಂದು ಬೆರಳೂ ಅಲ್ಲಾಡಿಲ್ಲ. ಸ್ವಾಮಿ ಮೊದಲು ಹೇಳಿದ್ದು ಏಳು ಅಂತ ಅಲ್ಲ. ಮೊದಲು ಮಗನೇ ಅಂತ ಕರೆದ್ರು. ನಿನ್ನ ಪಾಪವೆಲ್ಲ ಕ್ಷಮಿಸಿದೆ ಅಂದ್ರು. ಏಳೋದು, ನಡೆಯೋದು, ಎಲ್ಲ ಆಮೇಲೆ. ನಡೆದು ತೋರಿಸಿದ್ದಕ್ಕೆ ಅವನು ಮಗ ಆಗಲಿಲ್ಲ. ಮಲಗಿದ್ದಾಗಲೇ ಆಗಿದ್ದ." ಅವಳು ಮಡಿಲಲ್ಲಿದ್ದ ತನ್ನ ಕೈಗಳನ್ನು ನೋಡಿಕೊಂಡಳು. "ಎಲ್ಲರನ್ನೂ ಎತ್ತುತ್ತಾ ಓಡಾಡ್ತಿದ್ದೆನಲ್ಲ, ಅದಕ್ಕೇ ನಾನು ದೇವರಿಗೂ ಬೇಕು, ನಿಮಗೂ ಬೇಕು ಅಂದುಕೊಂಡಿದ್ದೆ. ಅದು ಸುಳ್ಳು ಅಂತ ಗೊತ್ತಾಗೋಕೆ ಸೊಂಟ ಮುರೀಬೇಕಾಯ್ತು. ಅಷ್ಟೇ. ಜಾಗ ಕೊಡೋದಾದ್ರೆ ಕೊಡಿ."

ಯಾರೂ ಅಳಬಾರದೆಂದು ಮೊದಲೇ ಕರಾರಾಗಿತ್ತು. ಟೈಲರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ತೊಲೆಯಿಂದ ಹಿಟ್ಟು ಉದುರಿತು ಎಂದರು. ಗಾಳಿಯೇನೂ ಬೀಸುತ್ತಿರಲಿಲ್ಲ. ನೆಲದ ಬಾಯಿಯಿಂದ ಬೇಕರಿಯವರ ದನಿ ಬಂತು.

"ಕೊಟ್ರಾ ಇಲ್ವಾ? ನಾನು ಸರಪಳಿ ಹಿಡ್ಕೊಂಡು ನಿಂತಿದ್ದೀನಿ."

"ಕೊಟ್ವಿ," ಎಂದರು ಹಾರ್ನ್ ಅಣ್ಣ. "ನಿಮಗೂ ಕೊಟ್ವಿ. ನಿಮ್ಮದು ಸೂರಲ್ಲ, ನೆಲ. ಆದ್ರೂ ಪರವಾಗಿಲ್ಲ."

ನಾದಿನಿ ಸೊಸೆಯ ಮಡಿಲಲ್ಲಿದ್ದ ಪುಸ್ತಕಕ್ಕೆ ಕೈಚಾಚಿ ಪುಟ ತಿರುಗಿಸಿದಳು. ಮುಂದಿನ ಕಥೆ ಸುಂಕದ ಕಟ್ಟೆಯಲ್ಲಿ ಕುಳಿತಿದ್ದವನದು, ಊರಿಗೆಲ್ಲ ಬೇಡವಾದವನ ಮನೆಗೆ ಸ್ವಾಮಿ ಊಟಕ್ಕೆ ಹೋದದ್ದು. ಅವಳು ಓದಿ ಮುಗಿಸುವ ಮೊದಲೇ, ಬಸ್ಸಿನಲ್ಲಿ ಚಿಲ್ಲರೆ ವಾಪಸು ಕೊಡದ ಕಾಲದ ಬಗ್ಗೆ ಟೈಲರಮ್ಮ ಹಾರ್ನ್ ಅಣ್ಣನನ್ನು ಕೆಣಕತೊಡಗಿದರು. ಅದು ಕಂಡಕ್ಟರನ ಕೆಲಸ, ತನ್ನದಲ್ಲ ಎಂದು ಅವರು. ನೀವಿಬ್ಬರೂ ಸುಮ್ಮನಿರಿ, ಹೆಸರು ಹೇಳಿ ಬೇರೆಯವರಿಗೆ ಜಾಗ ಹಂಚುವುದು ನಿಯಮದಲ್ಲಿಲ್ಲ ಎಂದು ನಾದಿನಿ. ಅವಳ ಗಂಟಲು ಹಳೆಯ ಎತ್ತರಕ್ಕೆ ಏರಿತ್ತು. ಪಿಸುಗುಟ್ಟುವ ಮನೆಯಲ್ಲಿ ಅಷ್ಟು ತಿಂಗಳು ಇದ್ದವಳು ಎಂದು ಯಾರೂ ನಂಬುವಂತಿರಲಿಲ್ಲ.

ಓದು ಮುಗಿದಾಗ ಬೇಕರಿಯವರು ಹಲಗೆಗಳನ್ನು ಕಂಕುಳಲ್ಲಿಟ್ಟುಕೊಂಡು ಮೇಲೆ ಬಂದರು. ಬಾಯಲ್ಲಿ ಮೊಳೆಗಳಿದ್ದವು. ಅವುಗಳನ್ನು ಅಂಗೈಗೆ ಉಗಿದುಕೊಂಡು ನಾದಿನಿಯನ್ನು ಕೇಳಿದರು.

"ಸಿಸ್ಟರ್, ನೀವು ಇಳಿದ ಮೇಲೆ ಇದನ್ನ ಮೊದಲಿನ ಹಾಗೆ ಮೊಳೆ ಹೊಡೆದು ಮುಚ್ಚಲಾ? ಅಥವಾ ಕೀಲು ಹಾಕಿ ಬಾಗಿಲು ಮಾಡಲಾ? ಕೀಲಿಗೆ ಖರ್ಚೇನಿಲ್ಲ, ಹಳೆಯದಿದೆ."

ಅವಳು ಹಲಗೆಗಳನ್ನು ನೋಡಿದಳು, ನಮ್ಮನ್ನು ನೋಡಿದಳು.

"ಕೀಲೇ ಹಾಕಿ," ಎಂದಳು. "ವಾರ ವಾರ ಮೊಳೆ ಕೀಳ್ತಾ ಕೂತ್ರೆ ನಿಮ್ಮ ಬ್ರೆಡ್ ಕರಕಲಾಗುತ್ತೆ."

ಇಳಿಸುವಾಗ ನಾನೂ ಟೈಲರಮ್ಮನೂ ಮತ್ತೆ ಅಂಚಿನಲ್ಲಿ ಮೊಣಕಾಲೂರಿದೆವು. ಸರಪಳಿ ಸಡಿಲಾಯಿತು. ಅವಳ ಮುಖ ನಮ್ಮ ಮುಖದ ಮಟ್ಟಕ್ಕೆ ಬಂದು, ನಿಧಾನವಾಗಿ ಕೆಳಗಾಯಿತು.

"ಅತ್ತಿಗೆ, ಈ ಸಲ ಕಣ್ಣು ಬಿಟ್ಟು ಹಿಡೀರಿ."

ಕಣ್ಣು ಬಿಟ್ಟೇ ಹಿಡಿದೆ. ಆದ್ದರಿಂದಲೇ ನನಗೆ ಕಂಡಿತು: ಒಲೆಯ ಕೆಂಪು ಬೆಳಕಿನೊಳಗೆ ಇಳಿಯುತ್ತ ಅವಳು ಎರಡೂ ಕೈಗಳನ್ನು ಪಟ್ಟಿಯಿಂದ ಬಿಡಿಸಿ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಏನನ್ನೂ ಹಿಡಿದುಕೊಂಡಿರಲಿಲ್ಲ.